ಹಳೆಯ ಕುಸಿತ

ಗುಡ್ಡ ಕುಸಿದ ಜಾಗಕ್ಕೆ ಬಂದಿದ್ದ ಭೂವಿಜ್ಞಾನಿಯನ್ನು ಒಬ್ಬ ಹೆಂಗಸು ನಿಲ್ಲಿಸಿ ಕೇಳಿದಳು:

"ನಮ್ಮನೆಯವ್ರು ಕೊಟ್ಟಿಗೆ ಕಟ್ಟೋಕೆ ಗುಡ್ಡದ ಬುಡ ಕಡಿದ್ರು ಸಾರ್. ಅದಕ್ಕೇ ಬಿತ್ತು, ಮಗಳು ಹೋದ್ಲು ಅಂತ ದಿನಾ ಅವ್ರನ್ನ ಬೈತಿದೀನಿ. ಹೌದಾ?"

ಆಚೆ ಜೆಸಿಬಿ ಮಣ್ಣು ಎತ್ತುತ್ತಿತ್ತು.

"ಇಲ್ಲಮ್ಮ. ಎಂಟು ಸಾವಿರ ವರ್ಷಗಳ ಹಿಂದೆ ಇಲ್ಲಿ ಮಳೆ ಇನ್ನೂ ಜೋರಿತ್ತು. ಆಗಲೇ ಮೇಲಿನ ಬೆಟ್ಟ ಜಾರಿ ಇಲ್ಲಿ ಬಂದು ಕೂತಿತ್ತು. ನಿಮ್ಮ ಗುಡ್ಡ ಅಂದ್ರೆ ಆ ಸಡಿಲ ಮಣ್ಣೇ. ಅವರು ಕಡೀದೇ ಇದ್ದಿದ್ರೂ ಈ ಮಳೆಗೆ ಕುಸೀತಿತ್ತು."

ಅವಳು ಅಳಲಿಲ್ಲ.

"ಇನ್ನೊಂದ್ಸಲ ಹೇಳಿ. ಸ್ವಲ್ಪ ಜೋರಾಗಿ."

"ಊರವರನ್ನ ಕರೀತೀರಾ?"

"ಬೇಡ. ಆ ಜೆಸಿಬಿ ಕಡೆ ತಿರುಗಿ ಹೇಳಿ. ನಮ್ಮನೆಯವ್ರಿನ್ನೂ ಮಣ್ಣಿನ ಕೆಳಗೇ ಇದಾರೆ."