ಕಮಲಿಯ ಗದ್ದೆಯ ಮ್ಯಾಚು

ಬೀಜದ ಬುಟ್ಟಿ ಸೊಂಟಕ್ಕೇರಿಸಿ, ಗುದ್ದಲಿ ಹೆಗಲ ಮೇಲಿಟ್ಟು ಬೆಳಿಗ್ಗೆ ಗದ್ದೆಗೆ ಬಂದ ಕಮಲಿಗೆ ಮೊದಲು ಕಂಡದ್ದು ತನ್ನದೇ ಮುಖ. ಆಳೆತ್ತರದ ಬ್ಯಾನರಿನಲ್ಲಿ ಅವಳು ಕೈಮುಗಿದು ನಿಂತಿದ್ದಳು. ಅದರಾಚೆ ಗದ್ದೆ ಗದ್ದೆಯಾಗಿರಲಿಲ್ಲ. ಭತ್ತದ ಕೂಳೆ ಕೆತ್ತಿ, ನಡುವೆ ಕೆಮ್ಮಣ್ಣು ಬಡಿದು, ಸೆಗಣಿ ಸಾರಿಸಿ ಪಿಚ್ಚು ಮಾಡಿಟ್ಟಿದ್ದರು. ನಿನ್ನೆಯಿಡೀ ಅವಳು ಗಂಡ ದೇವುವನ್ನು ತೋರಿಸಲು ಕಾರವಾರದ ಆಸ್ಪತ್ರೆಗೆ ಹೋಗಿದ್ದಳು. ಅಷ್ಟರಲ್ಲಿ ಇಷ್ಟು ಕೆಲಸ ಆಗಿತ್ತು.

"ಏ, ಕಮಲತ್ತೆ ಬಂತು! ಕುರ್ಚಿ ಹಾಕ್ರಾ," ಎನ್ನುತ್ತ ಕಿಶೋರ ಓಡಿ ಬಂದ. ಶೆಟಗೇರಿ ಕ್ರಿಕೆಟ್ ಟೀಮಿನ ಕ್ಯಾಪ್ಟನ್ ಅವನು. ವಾರವಿಡೀ ಗಾರೆ ಕೆಲಸ, ಆಯ್ತವಾರ ಬ್ಯಾಟು.

"ಎಂತದ್ರಾ ಇದು? ನಾ ಸತ್ತೆ ಅಂದ್ಕಂಡ್ರಾ, ಫೋಟೋ ಕಟ್ಟೂಕೆ?"

"ಥೋ, ಬಿಡ್ತು ಅನ್ನು. ಇವತ್ತು ಕಾರವಾರದ ಟೀಮು ಬತ್ತದೆ. ವರ್ಷಾ ವರ್ಷಾ ನಮಗೆ ಗದ್ದೆ ಕೊಡೂದು ನೀನು. ಅದಕ್ಕೇ ನಿಂಗೆ ಸನ್ಮಾನ. ಗುಟ್ಟಾಗಿ ಮಾಡ್ದದ್ದು, ಹೆಂಗೆ?"

ಕೊಡುವುದು ಅಂದರೆ, ಯಾರೂ ಕೇಳಿರಲಿಲ್ಲ, ಅವಳೂ ಕೊಟ್ಟೆ ಅಂದಿರಲಿಲ್ಲ. ಭತ್ತ ಕೊಯ್ದ ಮೇಲೆ ಗದ್ದೆ ಖಾಲಿ ಬಿದ್ದಿರುತ್ತಿತ್ತು, ಹುಡುಗರು ಆಡುತ್ತಿದ್ದರು, ಅಷ್ಟೇ. ದೇವು ಕೂಲಿಗೆ ಹೋಗುತ್ತಿದ್ದ ಕಾಲಕ್ಕೆ ಎರಡನೇ ಬೆಳೆಯ ಗರಜು ಬಿದ್ದಿರಲಿಲ್ಲ. ಈ ವರ್ಷ ಅವನು ಮಂಚದಿಂದ ಎದ್ದು ಕೂರುವುದೇ ದೊಡ್ಡದು. ಮಳೆಗಾಲದ ತನಕ ಮನೆ ನಡೆಯಬೇಕೆಂದರೆ ಶೇಂಗಾ ಹಾಕಲೇಬೇಕು. ಬೀಜ ಸುಲಿದಾಗಿದೆ. ಮಣ್ಣಿನ ಹದ ಇವತ್ತಿಗೆ ಇದೆ. ಗಾಳಿ ಬೀಸುವ ರೀತಿ ನೋಡಿದರೆ ನಾಳೆಗೆ ಇರುವ ಹಾಗಿಲ್ಲ.

ಆದರೆ ಹೇಳುವುದು ಹೇಗೆ? ದೇವುವಿಗೆ ಆಪರೇಶನ್ ಆದಾಗ ರಕ್ತ ಕೊಡಲು ತೋಳು ಮಡಚಿ ಸಾಲಾಗಿ ನಿಂತವರು ಇದೇ ಹುಡುಗರು. ಕೊಟ್ಟಿಗೆಯ ಹಂಚು ಗಾಳಿಗೆ ಹಾರಿದಾಗ ಕರೆಯದೇ ಬಂದು ಹೊದೆಸಿ, ಬರೀ ಒಂದು ಚಾ ಕುಡಿದು ಹೋದವರೂ ಇವರೇ. ಇವರ ರಕ್ತ ಗಂಡನ ಮೈಯಲ್ಲಿ ಓಡುತ್ತಿರುವಾಗ, ನನ್ನ ಗದ್ದೆ ಬಿಟ್ಟು ಏಳಿ ಎನ್ನಲು ಬಾಯಿ ಬರುತ್ತದೆಯೇ?

ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಕಾರವಾರದವರ ಟೆಂಪೋ ಬಂದು ನಿಂತಿತು. ಆ ಟೀಮಿನ ಕ್ಯಾಪ್ಟನ್ ರೋಷನನ ಕೈಯಿಂದಲೇ ಶಾಲು ಹೊದೆಸಿ, ತೆಂಗಿನಕಾಯಿ ಕೊಡಿಸಿದರು. ಕಾಮೆಂಟರಿ ಹೇಳುವುದರಲ್ಲಿ ಅಂಕೋಲೆಯ ತನಕ ಹೆಸರಾದ ಸುಭಾಷ, "ಈಗ ನಮ್ಮ ಕಮಲತ್ತೆಯವರಿಂದ ಎರಡು ಮಾತು," ಎಂದು ಮೈಕನ್ನು ಅವಳ ಬಾಯಿಗೇ ಹಿಡಿದುಬಿಟ್ಟ.

ಕಮಲಿ ಶಾಲು ಸವರಿದಳು. "ಶಾಲು ಚಲೋ ಅದೆ," ಎಂದಳು. ಮಾತು ಲೌಡ್‌ಸ್ಪೀಕರಿನಿಂದ ದೊಡ್ಡದಾಗಿ ಹೊರಬಿದ್ದು ಅವಳನ್ನೇ ಬೆಚ್ಚಿಬೀಳಿಸಿತು. ಮೈಕಿನಿಂದ ಮುಖವನ್ನು ತುಸು ಹಿಂದೆ ಸರಿಸಿದಳು. "ನೀವು ನಮಗೆ ಮಾಡ್ದದ್ದು ನಾ ಸಾಯೂ ತನಕ ಮರೂದಿಲ್ಲ. ಆದ್ರೆ ಮಕ್ಕಳೇ, ನಂಗೆ ಇವತ್ತು ಇಲ್ಲಿ ಶೇಂಗಾ ಬಿತ್ತೂದಿತ್ತು."

ಯಾರೋ ನಕ್ಕರು. ಆಮೇಲೆ ಎಲ್ಲರೂ ಬುಟ್ಟಿ ನೋಡಿದರು, ಗುದ್ದಲಿ ನೋಡಿದರು. ನಗು ನಿಂತಿತು.

"ಮೊದ್ಲೇ ಹೇಳೂಕಾಗ್ತಿರಲಿಲ್ವಾ ಅತ್ತೆ?" ಕಿಶೋರನ ಮುಖ ಸಣ್ಣಗಾಗಿತ್ತು.

"ಮೊದ್ಲೇ ಕೇಳೂಕಾಗ್ತಿರಲಿಲ್ವಾ ಮಗಾ?"

"ಮ್ಯಾಚು ಮುಗಿಸ್ಕಂಡು ಸಂಜಿಗೆ ಎಲ್ಲರೂ ಸೇರಿ ಅಗೀವಾ," ಎಂದ ಬೌಲರ್ ಮಾದೇವ.

"ಆಯ್ತು ಮಗಾ, ಸಂಜಿಗೇ ಆಗ್ಲಿ," ಎಂದಳು ಕಮಲಿ. ಆದರೆ ಅವಳ ಕಣ್ಣು ಮಣ್ಣಿನ ಮೇಲಿತ್ತು. ಕಿಶೋರ ಬಗ್ಗಿ ಒಂದು ಹಿಡಿ ತೆಗೆದು ಹಿಚುಕಿದ. ಉಂಡೆ ಕಟ್ಟಿತು, ಹಾಗೇ ಅಂಚಿನಲ್ಲಿ ಪುಡಿಯಾಗತೊಡಗಿತು. ಗದ್ದೆ ಕೂಲಿಯ ಮನೆಯಲ್ಲಿ ಹುಟ್ಟಿದವನಿಗೆ, ಸಂಜೆಯ ತನಕ ಹದ ನಿಲ್ಲದೆಂದು ತಿಳಿಯಲು ಅಷ್ಟು ಸಾಕಾಯಿತು. ಹೋಗಿ ಮೂರೂ ಸ್ಟಂಪು ಕಿತ್ತ.

"ಮನೆಮನೆಗೆ ಹೋಗಿ ಗುದ್ದಲಿ ತನ್ನಿರಾ."

ಸುಭಾಷನಿಗೆ ಮಾತ್ರ ಮೈಕು ಬಿಡಲು ಮನಸ್ಸಾಗಲಿಲ್ಲ. "ಶೆಟಗೇರಿಯ ಆರಂಭಿಕ ಜೋಡಿ ಈಗ ಪಿಚ್ಚಿನ ನಡುವೆ! ಮಾದೇವನ ಮೊದಲ ಏಟು... ಅಯ್ಯೋ, ಮಣ್ಣು ಏಳಲೇ ಇಲ್ಲ! ನಿನ್ನೆ ಇದನ್ನ ಬಡಿದು ಗಟ್ಟಿ ಮಾಡಿದವನೂ ಇವನೇ ಮಾರಾಯ್ರೇ!"

"ನೀ ಬಾಯಿ ಮುಚ್ಚಿ ಬುಟ್ಟಿ ಹಿಡಿಯೂಕೆ ಬಾ," ಎಂದು ಮಾದೇವ ಕೂಗಿದ. ಅದೂ ಮೈಕಿನಲ್ಲಿ ಕೇಳಿಸಿ ಊರೆಲ್ಲ ನಕ್ಕಿತು.

ಕೆಮ್ಮಣ್ಣು ಹೆರೆದು ಅಂಚಿಗೆ ಒಟ್ಟಿದರು. ಅವರು ಸಾಲು ಬಿಡಿಸಿದ ಹಾಗೆ ಕಮಲಿ ಹಿಂದಿನಿಂದ ಬೀಜ ಬಿಡುತ್ತ, ಪಾದದಿಂದ ಮಣ್ಣು ಎಳೆಯುತ್ತ ನಡೆದಳು. ಜಾರುತ್ತಿದ್ದ ಶಾಲನ್ನು ಸೊಂಟಕ್ಕೆ ಬಿಗಿದಿದ್ದಳು. ಅಷ್ಟು ಹೊತ್ತೂ ಟೆಂಪೋದ ಬಳಿ ನಿಂತು ನೋಡುತ್ತಿದ್ದ ರೋಷನ ತಡೆಯಲಾರದೆ ಹತ್ತಿರ ಬಂದ.

"ಮಾವ್ಶಿ, ನಮಗೂ ಏನಾದ್ರೂ ಹೇಳಿ. ಗುದ್ದಲಿ ಎಲ್ಲ ಖರ್ಚಾಯ್ತು. ಅಷ್ಟು ದೂರದಿಂದ ಬಂದು ಸುಮ್ನೆ ನಿಲ್ಲೂಕೆ ಬೇಜಾರು."

ಕಮಲಿ ತಲೆಯೆತ್ತಿ, ತೆಂಗಿನ ಗರಿಗಳ ಮೇಲೆ ಒತ್ತಾಗಿ ಕೂತಿದ್ದ ಕಾಗೆಗಳನ್ನು ತೋರಿಸಿದಳು. "ಬಿತ್ತಿದ್ದನ್ನ ಕೆದರಿ ತಿನ್ನೂಕೆ ಕಾಯ್ತಾ ಅವೆ, ನೋಡು. ನೀವು ಆಟಕ್ಕೆ ಹೆಂಗೆ ನಿಲ್ತ್ರೋ ಹಂಗೇ ಸುತ್ತ ನಿಂತ್ಕಣಿ."

ಬಿಸಿಲು ನೆತ್ತಿಗೇರುವ ಹೊತ್ತಿಗೂ ಕಾರವಾರದ ಹನ್ನೊಂದು ಮಂದಿ ತಮ್ಮ ತಮ್ಮ ಜಾಗ ಬಿಟ್ಟಿರಲಿಲ್ಲ. ಮಂಡಿ ಬಗ್ಗಿಸಿ, ಎರಡೂ ಅಂಗೈ ತೆರೆದು, ಎತ್ತರದಿಂದ ಬೀಳುವ ಕ್ಯಾಚಿಗೆ ಕಾಯುವವರ ಹಾಗೆ ಆಕಾಶ ನೋಡುತ್ತಿದ್ದರು. ಒಂದು ಕಾಗೆಯೂ ಇಳಿಯಲಿಲ್ಲ.