ಆರನೇ ಪಾಠ

ಅರವತ್ತು ದಾಟಿದ ಗಂಡಸು ತಲೆಗೆ ಕಪ್ಪು ಬಣ್ಣ ಬಳಿದುಕೊಂಡು ಸ್ಪ್ಯಾನಿಷ್ ಕಲಿಯಲು ಬಂದರೆ ಅದು ಭಾಷೆಯ ಮೇಲಿನ ಪ್ರೀತಿಯಲ್ಲ. ಇದನ್ನು ತಿಳಿಯಲು ಟೀಚರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ನಂಗೆ ಆರನೇ ಪಾಠ ಒಂದೇ ಸಾಕು ಟೀಚರ್," ಎಂದು ಅವರು ಮೊದಲ ದಿನವೇ ಪುಸ್ತಕದ ಆ ಪುಟದ ಮೇಲೆ ಬೆರಳಿಟ್ಟಿದ್ದರು. 'ಹವ್ಯಾಸ ಮತ್ತು ಬಿಡುವಿನ ವೇಳೆ' ಎಂದಿತ್ತು. "ಬಿಡುವಾದಾಗ ನಿಂಗೇನು ಮಾಡೋಕೆ ಇಷ್ಟ, ಅಂತ ಕೇಳೋಕೆ ಬಂದ್ರೆ ಆಯ್ತು."

"ಯಾರನ್ನ ಕೇಳ್ಬೇಕು?"

"ಒಬ್ಬಳಿದ್ದಾಳೆ. ಆ ಭಾಷೆ ಬಿಟ್ಟು ಅವಳಿಗೆ ಬೇರೆ ಬರಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮನುಷ್ಯನ ಕಸುಬು ಬೀಗ ರಿಪೇರಿ. ಅಂದಿನಿಂದ ತರಗತಿಗೆಲ್ಲ ಅವರು 'ಬೀಗರು' ಆದರು. ಈ ವಯಸ್ಸಿನಲ್ಲಿ ಹೊಸ ಸಂಬಂಧ ಹುಡುಕುತ್ತಿರುವ ಬೀಗರು!

ಟೀಚರಿಗೆ ನಗು ಬರಲಿಲ್ಲ. ಅವಳ ಕಣ್ಣು ಅವರ ಬೆರಳಿನ ಮದುವೆಯ ಉಂಗುರದ ಮೇಲಿತ್ತು. ಅದು ಸಡಿಲವಾಗಿತ್ತು. ಬೀಗರು ಸುಮ್ಮನೆ ಕೂತಾಗಲೆಲ್ಲ ಅದನ್ನು ತಿರುಗಿಸುತ್ತಿದ್ದರು.

"ಮನೇಲಿ ಹೆಂಡತಿಗೆ ಗೊತ್ತಾದ್ರೆ?" ಎಂದು ಒಂದು ದಿನ ನೇರವಾಗಿಯೇ ಕೇಳಿದಳು.

"ಅವಳಿಗೆ ಏನೂ ಗೊತ್ತಾಗಲ್ಲ ಬಿಡಿ."

ಆ ಮಾತು ಕೇಳಿ ಟೀಚರಿಗೆ ಮೈಯೆಲ್ಲ ಉರಿದುಹೋಯಿತು. ಅವಳ ಗಂಡನಿಗೂ ಒಂದು ಹವ್ಯಾಸವಿತ್ತು. ಬಿಡುವಿನಲ್ಲಿ ಚಿತ್ರ ಬಿಡಿಸಲು ಕಲಿಯುತ್ತೇನೆಂದು ಎರಡು ವರ್ಷ ದಿನಾ ಸಂಜೆ ಹೊರಡುತ್ತಿದ್ದ. ಒಂದು ದಿನವೂ ಅಂಗಿಗೆ ಬಣ್ಣ ಮೆತ್ತಿಕೊಂಡು ಬರಲಿಲ್ಲ. ಆ ಅಂಗಿಗಳನ್ನು ಒಗೆಯುತ್ತಿದ್ದವಳು ಇವಳೇ, ಆದರೂ ಹೊಳೆಯಲಿಲ್ಲ. ಕೊನೆಗೆ ಚಿತ್ರ ಕಲಿಸುವವಳ ಜೊತೆಯೇ ಹೊರಟುಹೋದ. ಊರಿಗೆಲ್ಲ ಗೊತ್ತಿದ್ದದ್ದು ಅವಳಿಗೊಬ್ಬಳಿಗೆ ಗೊತ್ತಿರಲಿಲ್ಲ.

ಹಾಗಾಗಿ ಈ ಸಲ ಅವಳು ಕಣ್ಣು ತೆರೆದುಕೊಂಡೇ ಕೂತಳು. ನಮಸ್ಕಾರ ಹೇಳಲೂ ಬಾರದ ಬೀಗರಿಗೆ ಆ ಭಾಷೆಯಲ್ಲಿ 'ಉಪ್ಪು' ಗೊತ್ತಿತ್ತು. 'ಊಟಕ್ಕೆ ಬಾ' ಗೊತ್ತಿತ್ತು. 'ಬಿಸಿಯಿದೆ, ಜೋಕೆ' ಕೂಡ ಗೊತ್ತಿತ್ತು. ಅಂದರೆ ವ್ಯವಹಾರ ಅಡುಗೆಮನೆಯವರೆಗೆ ಹೋಗಿದೆ, ಇವತ್ತು ನಿನ್ನೆಯದಲ್ಲ ಎಂದು ಲೆಕ್ಕ ಹಾಕಿದಳು.

"ಪರಿಚಯ ಆಗಿ ಎಷ್ಟು ದಿನ ಆಯ್ತು ಬೀಗರೇ?" ಹಿಂದಿನ ಬೆಂಚು ಕೆಣಕಿತು.

"ದಿನಾ ಸಂಜೆ ನಾಲ್ಕಕ್ಕೆ ಹೊಸದಾಗಿ ಆಗುತ್ತೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಮತ್ತೆ ತಲೆಗೆ ಬಣ್ಣ?"

"ಬಿಳಿ ಕೂದಲು ಕಂಡ್ರೆ ಮುಖ ತಿರುಗಿಸ್ತಾಳೆ." ಬೀಗರು ನಗಲಿಲ್ಲ. ಟೀಚರ್ ಕಡೆ ತಿರುಗಿದರು. "ಒಂದೇ ಒಂದು ಸಲ ಅವಳು ನನ್ನ ಮುಖ ನೋಡಿ ಮಾತಾಡಿದ್ರೆ ಸಾಕು ಟೀಚರ್. ಇನ್ನೇನೂ ಬೇಡ. ಈ ಭಾಷೆ ನಂಗ್ಯಾಕೆ ಅಂತ ನಲವತ್ತು ವರ್ಷ ಅಸಡ್ಡೆ ಮಾಡಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ಹಾಗಾಯ್ತು."

ಆ ಭಾಷೆ ಓದಲು ಬಾರದ ಹೊಸಬರಿಗೆ ಟೀಚರ್ ವಾಕ್ಯಗಳನ್ನು ನಮ್ಮ ಅಕ್ಷರದಲ್ಲೇ ಚೀಟಿಯ ಮೇಲೆ ಬರೆದುಕೊಡುತ್ತಿದ್ದಳು. ಬೀಗರಿಗೂ ನಾಲ್ಕು ಸಾಲು ಬರೆದಳು.

"ಬಾಯಿಪಾಠ ಮಾಡಿ. ಆರನೇ ಪಾಠಕ್ಕೆ ಇಷ್ಟೇ ಸಾಕು."

ಹವ್ಯಾಸದ ಮಾತು ಅದರಲ್ಲಿ ಇದ್ದದ್ದೇನೋ ನಿಜ. ಅವಳು ಬರೆದದ್ದು ಇದು: 'ನನಗೆ ಹೆಂಡತಿಯಿದ್ದಾಳೆ. ಅವಳಿಗೆ ಮೋಸ ಮಾಡುವುದೇ ನನ್ನ ಹವ್ಯಾಸ. ನಾಳೆ ನಿನಗೂ ಅದನ್ನೇ ಮಾಡುತ್ತೇನೆ. ನನ್ನನ್ನು ಹತ್ತಿರ ಸೇರಿಸಬೇಡ.'

ಬೀಗರು ವಾರವಿಡೀ ಅಂಗಡಿಯಲ್ಲಿ ಕೀಲಿಗೆ ಅರ ಉಜ್ಜುತ್ತ ಉರುಹೊಡೆದರು. ತರಗತಿ ಮುಗಿದು ಎಲ್ಲರೂ ಹೋದ ಮೇಲೆ ಟೀಚರ್ ಮುಂದೆ ಕೈಕಟ್ಟಿ ನಿಂತು ಒಪ್ಪಿಸಿದರು. ಒಂದಕ್ಷರ ತಪ್ಪಲಿಲ್ಲ.

"ಅವಳಿಗೆ ಅರ್ಥ ಆಗುತ್ತಾ ಟೀಚರ್?"

"ಚೆನ್ನಾಗಿ ಆಗುತ್ತೆ."

ಬಹಳ ದಿನಗಳ ಮೇಲೆ ಅವಳ ಹೊಟ್ಟೆ ತಣ್ಣಗಾಯಿತು. ಏನೂ ಅರಿಯದೆ ಯಾವುದೋ ಮನೆಯಲ್ಲಿ ಕೂತಿರುವ ಒಬ್ಬ ಹೆಂಡತಿಯ ಪರವಾಗಿ ನಿಂತೆ ಎನ್ನಿಸಿತು. ತನ್ನ ಪರವಾಗಿ ಅಂದು ಹೀಗೆ ಯಾರೂ ನಿಂತಿರಲಿಲ್ಲ.

ಆಮೇಲೆ ಮೂರು ದಿನ ಬೀಗರ ಸುಳಿವಿಲ್ಲ. ನಾಲ್ಕನೆಯ ದಿನ ತರಗತಿಗೆ ಮುಂಚೆಯೇ ಬಂದರು. ಗಡ್ಡ ಬೆಳೆದಿತ್ತು, ಕೂದಲ ಬುಡ ಬೆಳ್ಳಗೆ ಕಾಣುತ್ತಿತ್ತು. ಬಾಗಿಲಲ್ಲೇ ನಿಂತು ಚೀಟಿಯನ್ನು ಮುಂದೆ ಹಿಡಿದರು.

"ಎಲ್ಲಿ ತಪ್ಪು ಹೇಳಿದೆ ಅಂತ ಸ್ವಲ್ಪ ನೋಡಿ ಟೀಚರ್. ಮೊದಲು ಕಣ್ಣರಳಿಸಿ ಕೇಳಿಸಿಕೊಂಡಳು. ನನ್ನ ಮುಖಾನೂ ನೋಡಿದಳು. ಆಮೇಲೆ ಕಿರುಚಿಕೊಂಡು ಅಳೋಕೆ ಶುರು ಮಾಡಿದಳು. ನೀವಿನ್ನು ಬರಬೇಡಿ ಅಂದ್ಬಿಟ್ರು ಅಲ್ಲಿಯವರು."

ಟೀಚರಿಗೆ ಕನಿಕರ ಬರಲಿಲ್ಲ. ಚೀಟಿ ತೆಗೆದುಕೊಂಡು ಒಂದೊಂದೇ ಸಾಲನ್ನು ಬಿಡಿಸಿ ಅರ್ಥ ಹೇಳಿದಳು. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಬೀಗರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದರು.

"ಬೇಕೂಂತಲೇ ಬರೆದೆ," ಎಂದಳು. "ಮಾಡಿದ್ದುಣ್ಣೋ ಮಹರಾಯ. ಈಗ ಹೋಗಿ ಇದನ್ನೇ ನಿಮ್ಮ ಹೆಂಡತಿ ಮುಂದೆ ಹೇಳಿ, ಧೈರ್ಯ ಇದ್ರೆ."

ಬೀಗರು ಕೂಗಾಡಲಿಲ್ಲ. ಚೀಟಿಯನ್ನು ವಾಪಸು ತೆಗೆದುಕೊಂಡು ಮಡಿಸಿ ಜೇಬಿಗಿಟ್ಟರು. ಉಂಗುರವನ್ನು ಒಂದು ಸುತ್ತು ತಿರುಗಿಸಿದರು.

"ಹೇಳಿಬಿಟ್ಟೆನಲ್ಲ ಟೀಚರ್. ಅವಳೇ ನನ್ನ ಹೆಂಡತಿ. ಮರೆವಿನ ಕಾಯಿಲೆಯವರ ಆಶ್ರಮದಲ್ಲಿದ್ದಾಳೆ. ಹುಟ್ಟಿದೂರಿನ ಮಾತೊಂದು ಬಿಟ್ಟು ಎಲ್ಲಾ ಮರೆತಿದ್ದಾಳೆ, ನನ್ನನ್ನೂ. ಈ ನಾಲ್ಕು ಸಾಲು ಮಾತ್ರ ಮೂರು ದಿನದಿಂದ ಮರೀತಿಲ್ವಂತೆ."