ಒಂದೇ ಒಲೆಯ ಗೌರಿ ಹಬ್ಬ

ತುಮಕೂರಿನ ಗಂಗಾಧರಯ್ಯನವರು ಬಸ್ ಡಿಪೋದಲ್ಲಿ ಡೀಸೆಲ್ ಉಳಿಸಿ ಉಳಿಸಿಯೇ ರಿಟೈರ್ ಆದವರು. ಡಿಪೋ ಅವರನ್ನು ಬಿಟ್ಟಿತು... ಚಟ ಬಿಡಲಿಲ್ಲ.

ಈಗ ಅವರ ಕೈಗೆ ಸಿಕ್ಕಿದ್ದು ಮನೆಯ ಗ್ಯಾಸ್ ಸಿಲಿಂಡರ್.

ಅವರದೊಂದು ಕಾನೂನು... ಒಂದು ಹೊತ್ತಿಗೆ ಒಂದೇ ಒಲೆ ಉರಿಯಬೇಕು.

"ಎರಡು ಬಸ್ ಓಡಿಸಿದ್ರೆ ಎರಡರಷ್ಟು ಡೀಸೆಲ್ ಕುಡಿಯಲ್ವೇನಮ್ಮ?" ಎಂದು ಸೊಸೆ ಚಂದ್ರಕಲಾಳನ್ನು ಕೇಳುತ್ತಿದ್ದರು.

ಒಂದೇ ಬಸ್ಸು ಎರಡು ಟ್ರಿಪ್ ಹೊಡೆದರೂ ಅಷ್ಟೇ ಕುಡಿಯುತ್ತದೆ ಎಂದು ಅವಳು ಹೇಳಲಿಲ್ಲ. ಸೊಸೆಯಂದಿರು ಉಳಿಸುವ ಮಾತು ಯಾವ ಮೀಟರಿಗೂ ಸಿಗುವುದಿಲ್ಲ.

ಇನ್ನೊಂದು ಕಾನೂನು... ಉರಿ ಅಲ್ಲಾಡಬಾರದು. ಹಾಗಾಗಿ ಅಡುಗೆಮನೆಗೆ ಫ್ಯಾನ್ ಇಲ್ಲ. ಕಿಟಕಿ ಮುಚ್ಚಿರಬೇಕು, ಬಾಗಿಲೂ ಮುಚ್ಚಿರಬೇಕು. ಊಟದ ಕೋಣೆಗೆ ಪಾತ್ರೆ ದಾಟಿಸಲು ಗೋಡೆಯಲ್ಲೊಂದು ಕಿಂಡಿ.

ಅಂದು ಗೌರಿ ಹಬ್ಬ. ಬೆಳಿಗ್ಗೆಯೇ ಕಲಾ ಕೇಳಿದ್ದಳು.

"ಮಾವ, ಇವತ್ತು ಮಧ್ಯಾಹ್ನದ ಬಸ್ಸಿಗೇ ಗುಬ್ಬಿಗೆ ಹೋಗ್ಲಾ? ಅಮ್ಮ ಬಾಗಿನ ಇಟ್ಕೊಂಡು ಕಾಯ್ತಿರ್ತಾಳೆ. ಸಂಜೆ ಆದ್ರೆ ಅವಳಿಗೆ ಕಣ್ಣು ಕಾಣಲ್ಲ... ಬೆಳಕಿದ್ದಾಗ ಬಂದ್ರೆ ನಿನ್ನ ಮುಖ ನೋಡ್ತೀನಿ ಅಂತಾಳೆ."

"ಹೋಗಮ್ಮ, ಯಾರು ಬೇಡ ಅಂದ್ರು? ಅಡುಗೆ ಮುಗಿಸಿ ಹೋಗು."

ಪ್ರತಿ ವರ್ಷವೂ ಅವರು ಹೀಗೇ ಧಾರಾಳವಾಗಿ ಒಪ್ಪುತ್ತಿದ್ದರು. ಹಬ್ಬವಿರಲಿ, ಬೇರೆ ದಿನವಿರಲಿ, ಕೆಲಸ ಮುಗಿಸಿ ಹೊರಟ ಅವಳು ಗುಬ್ಬಿ ತಲುಪುವಷ್ಟರಲ್ಲಿ ಕತ್ತಲಾಗಿರುತ್ತಿತ್ತು...

ಊಟದ ಹೊತ್ತಾಯಿತು. ಒಬ್ಬಟ್ಟು ಬೇಯುತ್ತಿತ್ತು. ಉರಿ ಎಷ್ಟಿದೆ ಎಂದು ತಪಾಸಣೆಗೆ ಒಳಬಂದ ಗಂಗಾಧರಯ್ಯನವರು, ಗಾಳಿ ನುಗ್ಗೀತೆಂದು ಬಾಗಿಲನ್ನು ಜೋರಾಗಿ ಒತ್ತಿ ಮುಚ್ಚಿದರು.

ಮಳೆಗಾಲಕ್ಕೆ ಉಬ್ಬಿದ ಮರದ ಬಾಗಿಲು... ಕಚ್ಚಿಕೊಂಡಿತು.

ಎಳೆದರು. ಒದ್ದರು. ಬೈದರು. ಅದು ಅಲ್ಲಾಡಲಿಲ್ಲ.

"ಯಾರಾದ್ರೂ ಆ ಕಡೆಯಿಂದ ತಳ್ಳಬೇಕು ಮಾವ," ಎಂದಳು ಕಲಾ, ಒಬ್ಬಟ್ಟು ತಟ್ಟುತ್ತಲೇ.

ಯಾರೂ ಬರಲಿಲ್ಲ. ಬರುವ ಅಗತ್ಯವಾದರೂ ಏನಿತ್ತು? ಬೇಕಾದ್ದೆಲ್ಲ ಕಿಂಡಿಯಲ್ಲಿ ಸಿಗುತ್ತಿತ್ತು.

"ಏ ಕಲಾ, ಸಾರು ಆರಿ ಹೋಗಿದೆ, ಸ್ವಲ್ಪ ಬಿಸಿ ಮಾಡು!" ಅವಳ ಗಂಡ ನಂಜೇಶನ ದನಿ. ಕಿಂಡಿಯಲ್ಲಿ ಒಂದು ಕೈ, ಒಂದು ಪಾತ್ರೆ.

ಒಂದೇ ಒಲೆ. ಕಲಾ ಕಾದ ಹೆಂಚನ್ನು ಕೆಳಗಿಳಿಸಿ ಸಾರು ಕಾಯಿಸಿದಳು. ಆಮೇಲೆ ಆರಿದ ಹೆಂಚನ್ನು ಮತ್ತೆ ಕಾಯಿಸಿದಳು.

"ಅತ್ತಿಗೆ, ನಂಗೊಂದು ಕಾಫಿ..." ಈಗ ಮೈದುನನ ದನಿ.

ಹೆಂಚು ಕೆಳಗೆ.

"ಕಲಾ, ಚಿಕ್ಕಪ್ಪ ಈಗ ಬಂದ್ರು. ಸಾರು ಇನ್ನೊಂದ್ಸಲ!"

ಹೆಂಚು ಮತ್ತೆ ಕೆಳಗೆ...

ಗಂಗಾಧರಯ್ಯನವರಿಗೆ ಸಂಕಟವಾಯಿತು. "ಇದೇನಮ್ಮ, ಗಾಡಿ ಆಫ್ ಮಾಡೋದು, ಸ್ಟಾರ್ಟ್ ಮಾಡೋದು... ಹಿಂಗಾದ್ರೆ ಗ್ಯಾಸ್ ಉಳಿಯುತ್ತಾ?"

"ಎರಡನೇ ಒಲೆ ಹಚ್ಚಿದ್ರೆ ಹೆಂಚು ಇಳಿಸೋದು ಬೇಡ ಮಾವ. ಎಲ್ಲರೂ ಒಟ್ಟಿಗೆ ಕೂತ್ರೆ ಸಾರು ಕಾಯಿಸೋದೂ ಬೇಡ."

"ಮೊದಲೇ ಹೇಳಬಾರದಿತ್ತಾ?"

"ಯಾರಿಗೆ ಮಾವ... ಕಿಂಡಿಗಾ?"

ಅವರ ಬನಿಯನ್ ಬೆನ್ನಿಗೆ ಅಂಟಿತ್ತು. ಉಸಿರು ಕಟ್ಟಿದಂತಾಯಿತು. "ಆ ಕಿಟಕಿ ಆದ್ರೂ ತೆಗಿಯಮ್ಮ."

"ಉರಿ ಅಲ್ಲಾಡುತ್ತೆ ಮಾವ."

ಅವರು ಕಿಂಡಿಗೆ ಬಾಯಿಟ್ಟು ಕೂಗಿದರು. "ಲೋ ನಂಜೇಶ! ಬಾಗಿಲು ಕಚ್ಕೊಂಡಿದೆ ಕಣೋ!"

ಊಟದ ಕೋಣೆಯಲ್ಲಿ ಟಿವಿ ಜೋರಾಗಿತ್ತು. "ಅಪ್ಪ ಒಳಗಿದ್ದಾರಾ? ಒಳ್ಳೇದೇ ಆಯ್ತು, ಅವರ ಕೈಲೇ ಎರಡು ಒಬ್ಬಟ್ಟು ಕಳ್ಸು!"

ಗಂಗಾಧರಯ್ಯನವರು ತಿರುಗಿ ಸೊಸೆಯನ್ನು ನೋಡಿದರು. ನಾನು ಬಂದ ಸ್ವಲ್ಪ ಹೊತ್ತಿಗೇ ಬಾಗಿಲು ಒದೆಯುತ್ತಿದ್ದೇನೆ... ಇವಳು ಮದುವೆಯಾಗಿ ಬಂದಾಗಿನಿಂದ ಒಂದು ಸಲವೂ ಒದ್ದಿಲ್ಲ.

ಅವಳು ಗಡಿಯಾರ ನೋಡುತ್ತಿದ್ದಳು. ಗುಬ್ಬಿ ಬಸ್ಸು ಹೋಗಿಯಾಗಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು, "ಹೊಗೆ..." ಎಂದಳು.

ಗ್ಯಾಸ್ ಒಲೆಯಲ್ಲಿ ಹೊಗೆ ಎಲ್ಲಿಂದ?

ಅವರು ಕೈ ಚಾಚಿ ಒಲೆ ಆರಿಸಿದರು. ಕಿಂಡಿಯಲ್ಲಿ ಮುಖ ತೂರಿಸಿ ಅಬ್ಬರಿಸಿದರು.

"ಇನ್ನು ಏನೂ ಬಿಸಿ ಆಗಲ್ಲ! ಒಬ್ಬಟ್ಟು ಬೇಕಾದೋರು ಒಳಗೆ ಬಂದು ತಗೊಳ್ಳಿ!"

ತಕ್ಷಣ ಬಾಗಿಲಿಗೆ ನಾಲ್ಕಾರು ಭುಜ ಬಿದ್ದವು. ಬಾಗಿಲು ಬಿರುಸಾಗಿ ತೆರೆದುಕೊಂಡಿತು.

"ಎಲ್ಲರೂ ಒಟ್ಟಿಗೆ ಕೂತ್ಕೊಳ್ಳಿ, ನೀವೇ ಬಡಿಸ್ಕೊಳ್ಳಿ," ಎಂದರು ಗಂಗಾಧರಯ್ಯ. "ಕಲಾ, ನೀನು ಮೊದಲು ಉಣ್ಣು. ಆಮೇಲೆ ಸ್ಕೂಟರ್ ಹತ್ತು, ನಾನೇ ಬಿಟ್ಟು ಬರ್ತೀನಿ. ಬಸ್ಸು ಹೋದ್ರೆ ಹೋಗ್ಲಿ."

"ಪೆಟ್ರೋಲ್ ಖರ್ಚಾಗುತ್ತೆ ಅಪ್ಪ," ಎಂದ ನಂಜೇಶ, ತಂದೆಗೆ ತಕ್ಕ ಮಗ.

"ನೀನು ಪಾತ್ರೆ ತೊಳಿ."

ಗುಬ್ಬಿಯಲ್ಲಿ ಜಗಲಿಯ ಮೇಲೆ ಇನ್ನೂ ಬಿಸಿಲಿತ್ತು. ಬಾಗಿನದ ಮೊರ ಪಕ್ಕದಲ್ಲಿಟ್ಟುಕೊಂಡು ಕೂತಿದ್ದ ಕಲಾಳ ಅಮ್ಮ, ಮಗಳನ್ನು ಕಂಡು ಗಾಬರಿಯಾಗಿ ಎದ್ದರು.

"ಯಾಕೇ, ಇಷ್ಟು ಬೇಗ ಬಂದೆ? ಮನೇಲಿ ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲಮ್ಮ... ಸುಮ್ನೆ ಬಂದೆ."

ಅವರು ಮಗಳನ್ನು ಬಿಸಿಲಿಗೆ ಎಳೆದುಕೊಂಡರು. ಎರಡೂ ಕೈಯಲ್ಲಿ ಮುಖ ಹಿಡಿದು ತುಂಬ ಹೊತ್ತು ನೋಡಿದರು. ಬೆರಳು ಕಿವಿಯ ಪಕ್ಕ ಬಂದು ನಿಂತಿತು.

"ನಿನ್ನ ಕೂದಲು ಯಾವಾಗ ಬೆಳ್ಳಗಾದ್ವೇ, ಕಲಾ?"

ಸ್ಕೂಟರ್ ಹಿಡಿದು ನಿಂತಿದ್ದ ಗಂಗಾಧರಯ್ಯನವರು, ಉತ್ತರ ಗೊತ್ತಿದ್ದವರಂತೆ ತಲೆ ತಗ್ಗಿಸಿದರು...

*

ಒಲೆ ಆರಿಸಿದರೆ ಉಳಿತಾಯ... ಒಲೆ ಮುಂದೆ ನಿಂತವರನ್ನು ಬೆಳಕಿರುವಾಗಲೇ ಆಚೆ ಕಳಿಸಿದರೆ ಹಬ್ಬ.

ನಿಮ್ಮ ಮನೆಯ ಅಡುಗೆಮನೆಯಿಂದ ಹಬ್ಬದ ದಿನ ಎಲ್ಲರಿಗಿಂತ ಕೊನೆಗೆ ಹೊರಬರುವವರ ಮುಖವನ್ನು ನೀವು ಬೆಳಕಿನಲ್ಲಿ ನೋಡಿ ಎಷ್ಟು ಕಾಲವಾಯಿತು?